ಹೊಟ್ಟಿನ ರಾಶಿಗೆ ಹೋಗಿ ನಿಲ್ಲುವ ಗಾಡಿಗಳು

ಔಡಲೆಣ್ಣೆಯ ವಾಸನೆ ಮೂಗಿಗೆ ಬಡಿಯಿತೆಂದರೆ ನಾನು ಮೊದಲು ಕತ್ತರಿ ಕೈಗೆ ತೆಗೆದುಕೊಳ್ಳುತ್ತಿದ್ದೆ. ರೋಗಿ ಇನ್ನೂ ಆಟೋದಿಂದ ಇಳಿದಿರುತ್ತಿರಲಿಲ್ಲ, ಅಷ್ಟರಲ್ಲೇ ಪ್ಯಾಂಟು ಕತ್ತರಿಸುವ ಕೆಲಸವಿದೆ ಎಂಬುದು ಗೊತ್ತಾಗಿಬಿಡುತ್ತಿತ್ತು. ಗಂಗಾವತಿ ಕಡೆ ಹಳೆಯ ಎರಡು ಸ್ಟ್ರೋಕಿನ ಬೈಕುಗಳನ್ನು ನೆಟ್ಟನೆಯ ರಸ್ತೆಯಲ್ಲಿ ಪಂದ್ಯ ಕಟ್ಟಿ ಓಡಿಸುವವರು ಪೆಟ್ರೋಲಿಗೆ ಔಡಲೆಣ್ಣೆ, ಅಂದರೆ ಹರಳೆಣ್ಣೆ, ಬೆರೆಸುತ್ತಿದ್ದರು. ಅದರ ಹೊಗೆ ಅವರ ಅಂಗಿಗೆ, ಕೂದಲಿಗೆ, ಕೊನೆಗೆ ಗಾಯಕ್ಕೂ ಹತ್ತಿರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರುವ ನರ್ಸ್ ಹುಡುಗಿಯರು ಮನೆಗೆ ಬಂದಾಗ, "ಅಕ್ಕಾರ, ನಿಮ್ಮ ಕಾಲದಾಗ ಹೆಂಗಿತ್ರಿ?" ಎಂದು ಕೇಳುತ್ತಾರೆ. ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾವ ಮಂತ್ರಿ ಬಂದು ಶಾಲು ಹೊದಿಸಿದ ಎಂಬುದೆಲ್ಲ ಅವರಿಗೂ ಬೇಡ, ನನಗೂ ಬೇಡ. ನಾನು ಈ ಬೈಕಿನವರ ಕಥೆ ಹೇಳುತ್ತೇನೆ. ಕೆಲಸ ಏನೆಂದು ನನಗೆ ಕಲಿಸಿದವರು ಅವರು.

ನನ್ನ ಹೆಸರು ನೀಲಮ್ಮ, ಊರು ಕುಷ್ಟಗಿ. ೧೯೯೭ರಲ್ಲಿ, ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ, ಯಲಬುರ್ಗಾದಲ್ಲಿ ಸ್ಟಾಫ್ ನರ್ಸ್ ಆಗಿ ಸೇರಿದೆ. ಅಲ್ಲಿ ನಾವು ಇನ್ನೂ ಗಾಜಿನ ಸಿರಿಂಜು ಕುದಿಸುತ್ತಿದ್ದೆವು. ಕಪ್ಪು ಮಣ್ಣಿನ ಎರಿ ಹೊಲದ ಊರು, ಎಲ್ಲರಿಗೂ ಬಸ್ಸೇ ಗತಿ. ಹಾವು ಕಡಿದವನೂ ಬಸ್ಸಿಗೇ ಬರುತ್ತಿದ್ದ, ಕುಡಗೋಲು ತಾಗಿದವನೂ ಬಸ್ಸಿಗೇ. ಒಮ್ಮೆ ಒಬ್ಬ ಕಂಡಕ್ಟರ್ ಹಾವು ಕಡಿದ ಮುದುಕನನ್ನು ಹೆಗಲ ಮೇಲೆ ಹೊತ್ತು ತಂದವನು, ಇಳಿಸಿದ ಕೂಡಲೇ, "ಸಿಸ್ಟರ್, ಇಂವ ಟಿಕೇಟ್ ತೊಗೊಂಡಿಲ್ರಿ, ಬದುಕಿದ್ರ ಹೇಳ್ರಿ," ಎಂದು ಹೋದ. ಮುದುಕ ಬದುಕಿದ. ಅಲ್ಲಿನ ಹಿರಿಯ ಸಿಸ್ಟರ್ ಒಬ್ಬಳು ನನಗೆ ಒಂದೇ ಪಾಠ ಹೇಳಿದ್ದಳು: ಗಾಯ ಆಮೇಲೆ ನೋಡು, ಮೊದಲು ಬೆರಳುಗಳ ಬಣ್ಣ ನೋಡು. ಆಕೆ ಬಾಯಿ ಬಿಟ್ಟರೆ ಬೈಗುಳವೇ. ಆದರೆ ಆ ಮಾತು ನನ್ನ ಇಡೀ ನೌಕರಿಗೆ ಸಾಲುವಷ್ಟಿತ್ತು.

ಅಲ್ಲಿಂದ ಗಂಗಾವತಿಗೆ ಬಂದೆ. ಇಲ್ಲಿ ಕಾಲುವೆ, ಭತ್ತ, ಅಕ್ಕಿ ಗಿರಣಿ, ಕೈಯಲ್ಲಿ ಓಡಾಡುವ ರೊಕ್ಕ. ಜೊತೆಗೆ ಈ ಬೈಕುಗಳು. ಕಂಪನಿಯವರು ಅವನ್ನು ಮಾಡುವುದನ್ನೇ ಬಿಟ್ಟಿದ್ದರು. ಆದರೂ ಕಾಲುವೆ ಸೀಮೆಯಲ್ಲಿ ಅವಕ್ಕೆ ಮದುವೆಗೆ ಹೆಣ್ಣು ನೋಡುವಷ್ಟು ಹುಡುಕಾಟ. ಪಂದ್ಯದ ಬಗ್ಗೆ ನಾನು ಕಲಿತದ್ದೆಲ್ಲ ಡ್ರೆಸಿಂಗ್ ಮಾಡುತ್ತಾ ಕಲಿತದ್ದು. ಗಾಯ ತೊಳೆಯುವಾಗ ಗಂಡಸರನ್ನು ಅವರ ಗಾಡಿಯ ಬಗ್ಗೆ ಮಾತಾಡಿಸಿದರೆ ಚೀರುವುದು ಅರ್ಧ ಕಡಿಮೆ. ಇದನ್ನು ಯಾವ ನರ್ಸಿಂಗ್ ಶಾಲೆಯಲ್ಲೂ ಹೇಳಿಕೊಡುವುದಿಲ್ಲ, ಬರೆದಿಟ್ಟುಕೊಳ್ಳಿರಿ.

ಭಾನುವಾರ ಬೆಳಿಗ್ಗೆ ಕಾಲುವೆ ಪಕ್ಕದ ರಸ್ತೆಯಲ್ಲಿ ಎರಡೆರಡೇ ಗಾಡಿ ನಿಲ್ಲಿಸುತ್ತಿದ್ದರು. ಒಬ್ಬ ಟವೆಲ್ ಕೆಳಗೆ ಬಿಟ್ಟ ಕೂಡಲೇ ಕ್ಲಚ್ ಬಿಡಬೇಕು. ತಿರುವಿಲ್ಲ, ಸುತ್ತಿಲ್ಲ, ನೆಟ್ಟಗೆ ಓಡುವುದು, ಮುಂದಿನ ಗಿರಣಿಯನ್ನು ಯಾರು ಮೊದಲು ಮುಟ್ಟುತ್ತಾರೋ ಅವರದು ಗೆಲುವು. ಸಿನಿಮಾ ಜಾಹೀರಾತೊಂದರಷ್ಟೂ ಹೊತ್ತಿಲ್ಲ, ಮುಗಿದೇ ಹೋಗುತ್ತಿತ್ತು. ಅಷ್ಟಕ್ಕಾಗಿ ವಾರವಿಡೀ ಗಾಡಿಯನ್ನು ಬಿಚ್ಚುತ್ತಿದ್ದರು. ಸೀಟಿನ ಸ್ಪಂಜು ತೆಗೆಯುವುದು, ಮಡ್‌ಗಾರ್ಡ್ ತೆಗೆಯುವುದು, ದೀಪ ತೆಗೆಯುವುದು. ಕೊನೆಗೆ ಮುಂದಿನ ಗಾಲಿಯೊಳಗಿನ ಬ್ರೇಕನ್ನೂ ತೆಗೆದು ಮನೆಯಲ್ಲಿಡುತ್ತಿದ್ದರು. ಅದು ಗಾಲಿಗೆ ಸ್ವಲ್ಪ ಉಜ್ಜುತ್ತದಂತೆ, ಓಟ ಕಡಿಮೆಯಾಗುತ್ತದಂತೆ. ಕಾಲಲ್ಲಿ ಚಪ್ಪಲಿಯೂ ಇಲ್ಲ. "ಬರಿಗಾಲಿಗೆ ಗೇರ್ ಭಾಳ ಛಲೋ ತಿಳೀತದ್ರಿ ಅಕ್ಕಾರ," ಎನ್ನುತ್ತಿದ್ದರು. ಟ್ಯಾಂಕಿನ ಮೇಲೆ ಬೋರಲು ಮಲಗಿ, ಕಾಲು ಹಿಂದಕ್ಕೆ ಚಾಚಿ ಹೋಗುವವರಿಗೆ ನಿಲ್ಲುವುದು ಹೇಗೆ ಎಂಬ ಚಿಂತೆಯೇ ಇರಲಿಲ್ಲ.

ನಿಲ್ಲಿಸಲು ಹೊಟ್ಟಿನ ರಾಶಿ ಇತ್ತು. ಗಿರಣಿಯವರು ಭತ್ತದ ಹೊಟ್ಟನ್ನು ಕಸವೆಂದು ರಸ್ತೆಯ ತುದಿಗೆ ಸುರಿಯುತ್ತಿದ್ದರು, ಆಳೆತ್ತರದ ರಾಶಿಗಳು. ಪಂದ್ಯ ಮುಗಿದವರು ನೇರ ಅದರೊಳಗೆ ನುಗ್ಗುವುದು. "ಹಾಸಿಗಿ ಮ್ಯಾಲ ಬಿದ್ದಂಗ್ರಿ" ಎಂದು ನಗುತ್ತಿದ್ದರು. ಸೋಮವಾರ ನನ್ನ ಮುಂದೆ ಕಿವಿಯಲ್ಲಿ, ಕಣ್ಣಲ್ಲಿ ಹೊಟ್ಟು ತುಂಬಿಸಿಕೊಂಡವರ ಸಾಲು ಇರುತ್ತಿತ್ತು. ಮೈ ಹಗುರವಾಗಲೆಂದು ಶನಿವಾರ ಊಟವನ್ನೂ ಬಿಡುತ್ತಿದ್ದರು. ಮನೆಯಲ್ಲಿ ಹನುಮಪ್ಪನ ಉಪವಾಸವೆಂದು ಹೇಳುವುದು. ಪಾಪ, ತಾಯಂದಿರು ಮಗನಿಗೆ ದೇವರ ಮೇಲೆ ಭಕ್ತಿ ಬಂತೆಂದು ಹಿಗ್ಗುತ್ತಿದ್ದರು. ನಮ್ಮ ಸರ್ಜನ್ ಸಾಹೇಬರಿಗೆ ಮಾತ್ರ ಇದು ಅನುಕೂಲ. ಖಾಲಿ ಹೊಟ್ಟೆಯವರಿಗೆ ಅರಿವಳಿಕೆ ಕೊಡುವುದು ಸುಲಭ.

ಈ ಸಾಹೇಬರು ಸಿಟ್ಟಿನ ಮನುಷ್ಯ, ಕೈ ಮಾತ್ರ ಬೆಣ್ಣೆಯಂಥದು. ಮೂಳೆ ಮುರಿದುಕೊಂಡು ಬಂದವನಿಗೆ, "ಬ್ರೇಕ್ ಬಿಚ್ಚಿ ಮನ್ಯಾಗ ಇಟ್ಟ ಬರ್ತಿ. ತಲಿನೂ ಬಿಚ್ಚಿಟ್ಟ ಬಾ, ಇನ್ನೂ ಹಗುರಾಗ್ತದ," ಎನ್ನುವರು. ಬೈಯುತ್ತಲೇ ಪ್ಲಾಸ್ಟರ್ ಹಾಕುವರು. ಒಮ್ಮೆ ಒಬ್ಬ ರಾಶಿ ತಪ್ಪಿ ಕಾಲುವೆಗೆ ಹೋದ. ಗಾಡಿಯ ಕೆಳಗೆ ಸಿಕ್ಕಿದ್ದ. ತರುವಷ್ಟರಲ್ಲಿ ಏನೂ ಉಳಿದಿರಲಿಲ್ಲ. ಅವನ ಅಪ್ಪ ಬಂದು ಹೆಣದ ಪಕ್ಕದಲ್ಲಿ ನಿಂತು, ಮಗನ ಗೆಳೆಯರ ಕಡೆ ತಿರುಗಿ, "ಗೆದ್ದಿದ್ನೇನಪಾ?" ಎಂದು ಕೇಳಿದ. ಒಬ್ಬ ಹುಡುಗ ಹೌದೆಂದು ತಲೆ ಆಡಿಸಿದ. ಅದು ಖರೆಯೋ ಸುಳ್ಳೋ ನನಗೆ ಗೊತ್ತಿಲ್ಲ. ಅಪ್ಪ ಟವೆಲಿನಿಂದ ಮಗನ ಮುಖದ ಮೇಲಿನ ಕೆಸರು ಒರೆಸಿದ. ಆ ದಿನ ಸಾಹೇಬರು ಯಾರಿಗೂ ಬೈಯಲಿಲ್ಲ.

ಇಷ್ಟಾದರೂ ಪಂದ್ಯ ನಿಲ್ಲಲಿಲ್ಲ. ನಿಂತದ್ದು ಯಮನೂರಪ್ಪನ ಕಾಲು.

ಯಮನೂರಪ್ಪ ಹುಲಿಹೈದರದವನು, ಮೂವತ್ತು ದಾಟಿದ ಗಂಡಸು, ಮಕ್ಕಳ ತಂದೆ. ಗುತ್ತಿಗೆದಾರನ ಕೈಕೆಳಗೆ ಕರೆಂಟಿನ ಕಂಬ ಹತ್ತುವ ಕೆಲಸ. ಹೆಂಡತಿ ಹುಲಿಗೆಮ್ಮ ಭತ್ತದ ಗದ್ದೆಗೆ ಕಳೆ ಕೀಳಲು ಹೋಗುತ್ತಿದ್ದಳು. ಸಣ್ಣಪುಟ್ಟ ಗಾಯಕ್ಕೆ ಅವನು ನನ್ನ ಹತ್ತಿರ ಬಂದಾಗೆಲ್ಲ ಆಕೆಯೂ ಬರುತ್ತಿದ್ದಳು. ಇಬ್ಬರೂ ಬೆಂಚಿನ ಮೇಲೆ ಕೂತು ಜಗಳದಂತೆ ಮಾತಾಡುತ್ತಿದ್ದರು, ಮಾತು ಮುಗಿಯುತ್ತಲೇ ಇರಲಿಲ್ಲ. "ನಿಮ್ಮ ಮನಿಯಾಗ ಜಾಗಾ ಇಲ್ಲೇನ ಮಾತಾಡಾಕ?" ಎಂದು ನಾನು ಗದರಿದರೆ ಹುಲಿಗೆಮ್ಮ ಸೆರಗು ಬಾಯಿಗಿಟ್ಟುಕೊಂಡು ನಗುವಳು. ಹಳೇ ಬೈಕಿನ ಪಂದ್ಯದಲ್ಲಿ ಅವನನ್ನು ಸೋಲಿಸಿದವರಿರಲಿಲ್ಲ. ಅದೇ ಹೊತ್ತಿಗೆ ಅವನಿಗೆ ಕಾಯಂ ಲೈನ್‌ಮನ್ ಕೆಲಸಕ್ಕೆ ಕರೆ ಬಂತು. ಅದಕ್ಕೆ ಎಲ್ಲರ ಮುಂದೆ ಕಂಬ ಹತ್ತಿ ತೋರಿಸುವ ಪರೀಕ್ಷೆಯಿತ್ತು, ಅಷ್ಟೇ. ದಿನಾ ಹತ್ತುವವನಿಗೆ ಅದೇನು ದೊಡ್ಡದು. ಹುಲಿಗೆಮ್ಮ ಆಗಲೇ ನನ್ನ ಕೈಗೆ ಪೇಡೆ ಕೊಟ್ಟಿದ್ದಳು.

ಆ ವರ್ಷ ಗಿರಣಿಯ ಪದ್ಧತಿ ಬದಲಾಗಿತ್ತು. ಹೊಟ್ಟನ್ನು ಎಸೆಯುವ ಬದಲು ಬಾಯ್ಲರಿನಲ್ಲಿ ಉರಿಸತೊಡಗಿದ್ದರು. ಉರಿದ ಬೂದಿಯನ್ನು ತಂದು ಅದೇ ಹಳೇ ಜಾಗದಲ್ಲಿ ಸುರಿಯುತ್ತಿದ್ದರು, ಉಳಿದ ಹೊಟ್ಟನ್ನು ಅದರ ಮೇಲೆಯೇ ಹಾಕುತ್ತಿದ್ದರು. ಭತ್ತದ ಹೊಟ್ಟಿನ ಬೂದಿ ಮೇಲೆ ತಣ್ಣಗೆ ಕಂಡರೂ ಒಳಗೆ ಎಷ್ಟೋ ದಿನ ಕೆಂಡವಾಗಿಯೇ ಇರುತ್ತದೆ. ಪಂದ್ಯದವರಿಗೆ ಮೇಲಿನ ಹಳದಿ ಹೊಟ್ಟಷ್ಟೇ ಕಂಡದ್ದು. ಯಮನೂರಪ್ಪ ಗೆದ್ದ ಹುರುಪಿನಲ್ಲಿ ಎಂದಿನಂತೆ ನುಗ್ಗಿದ. ಗಾಡಿ ಹೂತು, ಬಲಕ್ಕೆ ವಾಲಿ, ಅವನ ಬಲಗಾಲನ್ನು ಕೆಳಗೆ ಒತ್ತಿಕೊಂಡಿತು, ಎಡಗಾಲೂ ಬೂದಿಗೆ ತಾಗಿತು. ಅವನು ಕೈಕಾಲು ಬಡಿಯುವುದನ್ನು ನೋಡಿ ಗೆಳೆಯರು ಮೊದಲು ನಕ್ಕರು, ಕುಣೀತಾನ ಎಂದುಕೊಂಡರು. ಸುಟ್ಟ ವಾಸನೆ ಬಂದ ಮೇಲೆ ಓಡಿದರು. ಎಳೆದು ತೆಗೆದು ಕಾಲುವೆಯ ನೀರಿಗೆ ಅದ್ದಿ, ಕೈಯಲ್ಲಿದ್ದ ಔಡಲೆಣ್ಣೆಯನ್ನೇ ಸವರಿ ತಂದರು.

ಅವನು ಆಟೋದಲ್ಲಿ ನೆಟ್ಟಗೆ ಕೂತಿದ್ದ. ಎಡಗಾಲು ಮುಟ್ಟಿದರೆ ಚೀರುತ್ತಿದ್ದ. ಬಲಗಾಲು ಮುಟ್ಟಿದಾಗ, "ಅದಕ್ಕೇನೂ ಆಗಿಲ್ರಿ ಅಕ್ಕಾರ, ಒಂಚೂರೂ ನೋವಿಲ್ಲ," ಎಂದ. ಹುಡುಗಿಯರೇ, ಸುಟ್ಟ ಗಾಯದವನು ಚೀರಿದರೆ ಸಮಾಧಾನಪಡಿರಿ, ನೋವಿಲ್ಲ ಎಂದರೆ ಹೆದರಿರಿ, ಒಳಗೆ ನರವೇ ಸತ್ತಿರುತ್ತದೆ. ಅವನ ಬಲಗಾಲಿನ ಬೆರಳುಗಳು ಖಾರೀಕಿನ, ಅಂದರೆ ಒಣ ಖರ್ಜೂರದ, ಬಣ್ಣಕ್ಕೆ ತಿರುಗಿದ್ದವು. ನಾನು ಸಾಹೇಬರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು.

ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಹೋಗು ಎಂದು ಸಾಹೇಬರು ಅವತ್ತೇ ಹೇಳಿದರು. ಯಮನೂರಪ್ಪ ಮಂಚದ ಕಂಬಿ ಹಿಡಿದುಕೊಂಡುಬಿಟ್ಟ. "ಅಲ್ಲಿಗೆ ಹೋದ್ರ ಕಡೀತಾರ್ರಿ. ಕಾಲು ಹೋದ್ರ ಕಂಬ ಹೋತು, ನೌಕರಿ ಹೋತು. ನಾ ಇಲ್ಲೇ ಇರ್ತೀನ್ರಿ, ನೀವ ಆರಾಮ ಮಾಡ್ರಿ," ಎಂದ. ಸಾಹೇಬರು ಗದರಿದರು, ನಾನು ಗದರಿದೆ. ಕೇಳಬೇಕಲ್ಲ. ನಾವು ಆ ಕಡೆ ತಿರುಗಿದಾಗ ಅವನು ಹುಲಿಗೆಮ್ಮನ ಕೈ ಎಳೆದು ತನ್ನ ತಲೆಯ ಮೇಲೆ ಇಟ್ಟುಕೊಂಡ. ನಾನು ಟ್ರೇ ಹಿಡಿದುಕೊಂಡು ಅಲ್ಲೇ ಇದ್ದೆ.

"ನಾ ಎಚ್ಚರ ಇಲ್ದಾಗ ಇವ್ರು ಕಾಲು ತೆಗೀತೀನಿ ಅಂದ್ರ ನೀ ಹೂಂ ಅನ್ನಬಾರ್ದು. ಆಣಿ ಮಾಡು."

"ಹಂಗ್ಯಾಕ ಮಾತಾಡ್ತಿ, ಸುಮ್ನ ಮಲಕೋ."

"ಆಣಿ ಮಾಡು ಹುಲಿಗೀ. ಹೂಂ ಅಂದ್ರ ಅವತ್ತಿಗೆ ನಿಂದು ನಂದು ಮಾತು ಮುಗೀತು."

ಆಕೆ ಅತ್ತಳು. ಅಳುತ್ತಲೇ ಆಣೆ ಮಾಡಿದಳು.

ನಾವು ಮಾಡುವುದನ್ನೆಲ್ಲ ಮಾಡಿದೆವು. ಆಗ ಬಿಳಿ ಮುಲಾಮು ಬಂದಿತ್ತು, ಮೊದಲಿನ ನೇರಳೆ ಬಣ್ಣದ ಔಷಧಿ ಬಿಟ್ಟಿದ್ದೆವು. ಸೊಳ್ಳೆಪರದೆ ಕಟ್ಟಿದೆವು, ದಿನಾ ಗಾಯ ತೊಳೆದೆವು. ಎಡಗಾಲು ಮೆಲ್ಲಗೆ ಕೆಂಪಾಗಿ, ಹೊಸ ಚರ್ಮ ಬರತೊಡಗಿತು. ಬಲಗಾಲು ನಾರತೊಡಗಿತು. ಕಾಲುವೆಯ ಹೊಲಸು ನೀರು ಒಳಗೆ ಕೂತಿತ್ತು. ಜ್ವರ ಏರಿತು, ಮೈಮೇಲಿನ ಎಚ್ಚರ ತಪ್ಪಿತು. ಅವನು ಮಂಚದ ಮೇಲೆ ಕಂಬ ಹತ್ತುತ್ತಿದ್ದ. "ಲೈನ್ ಬಂದ್ ಮಾಡ್ರಿ, ನಾ ಮ್ಯಾಲದೀನಿ, ಲೈನ್ ಬಂದ್ ಮಾಡ್ರಿ," ಎಂದು ಒಂದೇ ಸಮ ಬಡಬಡಿಸುತ್ತಿದ್ದ. ಪಕ್ಕದ ಹಾಸಿಗೆಯ ಮುದುಕ ಅದನ್ನು ಕೇಳಲಾರದೆ, "ಬಂದ್ ಮಾಡ್ಯಾರಪಾ, ಇಳಿ," ಎನ್ನುತ್ತಿದ್ದ.

ಒಂದು ಮಧ್ಯಾಹ್ನ ಸಾಹೇಬರು ಗಾಯ ನೋಡಿ ಹೊರಗೆ ಬಂದರು. "ಮೊಣಕಾಲಿನ ಕೆಳಗ ಇವತ್ತ ತೆಗೀಬೇಕು. ಬಳ್ಳಾರಿ ದಾರಿ ತಡಕೊಳ್ಳಂಗಿಲ್ಲ. ನಾಳೆ ಅಂದ್ರ ತೆಗಿಯಾಕ ಅಂವ ಇರಂಗಿಲ್ಲ," ಎಂದರು. ಒಪ್ಪಿಗೆ ಕಾಗದಕ್ಕೆ ಮನೆಯವರ ಸಹಿ ಬೇಕಿತ್ತು. ಯಮನೂರಪ್ಪನ ತಮ್ಮ ಅಲ್ಲೇ ಇದ್ದ, ನಮ್ಮ ಮಾತು ಕೇಳಿ ಎರಡು ಹೆಜ್ಜೆ ಹಿಂದೆ ಸರಿದ. "ನಾ ಸಹಿ ಹಾಕಂಗಿಲ್ರಿ. ನಾಳೆ ಅಣ್ಣ ಎದ್ದು ನನ್ನ ಕೇಳ್ತಾನ," ಎಂದು ಚಾ ಕುಡಿಯಲು ಹೋದವನು ತಿರುಗಿ ಬರಲಿಲ್ಲ. ಉಳಿದವಳು ಹುಲಿಗೆಮ್ಮ.

ಆಕೆ ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ. ಸಿಸ್ಟರ್ ನೆಲಕ್ಕೆ ಕೂರಬಾರದೆಂಬ ಶಿಸ್ತು ಇತ್ತು, ಇರಲಿ.

"ಅಕ್ಕಾ, ನಿಮ್ಮ ಮನಿಯವ್ರಾಗಿದ್ರ ನೀವು ಹಾಕ್ತಿದ್ರೇನ್ರಿ?"

"ಹಾಕ್ತಿದ್ದೆ. ಹಾಕಿ ಆಮ್ಯಾಲ ಅಳ್ತಿದ್ದೆ."

"ಆಣಿ ಮಾಡೀನಲ್ರಿ. ತಲಿ ಮುಟ್ಟಿ ಮಾಡೀನಿ. ಅಂವ ಮಾತಿನ ಮನಷ್ಯಾ ಅದಾನ್ರಿ, ಅಂದ್ರ ಅಂದಂಗ ಮಾಡ್ತಾನ."

"ಸತ್ತ ಗಂಡನ ಎರಡೂ ಕಾಲು ತೊಗೊಂಡು ಏನ್ ಮಾಡ್ತಿಯವ್ವ? ಆಣಿದ್ದು ಪಾಪ ನನಗಿರಲಿ. ನಡಿ, ಏಳು."

ಕಟುವಾಗಿ ಹೇಳಿದೆ, ಗೊತ್ತಿದ್ದೇ ಹೇಳಿದೆ. ಮೆತ್ತಗೆ ಹೇಳಲು ಹೊತ್ತಿರಲಿಲ್ಲ. ಆಕೆ ಎದ್ದಳು. ಶಾಲೆಯಲ್ಲಿ ಕಲಿತದ್ದನ್ನು ನೆನಪು ಮಾಡಿಕೊಂಡು, ಒಂದೊಂದೇ ಅಕ್ಷರ ಒತ್ತಿ, ತನ್ನ ಹೆಸರು ಬರೆದಳು. ಬರೆದ ಮೇಲೆ ಆ ಕೈಯನ್ನು ಸೆರಗಿಗೆ ಒರೆಸಿಕೊಂಡಳು.

ಅವನು ಬದುಕಿದ. ಎಚ್ಚರವಾದಾಗ ಚಾದರ ಎತ್ತಿ ನೋಡಿಕೊಂಡ. ಕೂಗುತ್ತಾನೆಂದು ನಾನು ಸೂಜಿ ತಯಾರು ಮಾಡಿ ನಿಂತಿದ್ದೆ. ಕೂಗಲಿಲ್ಲ.

"ಯಾರು ಹೂಂ ಅಂದವ್ರು?" ಎಂದು ಕೇಳಿದ.

"ನಾನ," ಎಂದಳು ಹುಲಿಗೆಮ್ಮ.

ಅವನು ಚಾದರ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿದ. ಅಂದಿನಿಂದ ಅವಳ ಜೊತೆ ಒಂದೇ ಒಂದು ಮಾತೂ ಆಡಲಿಲ್ಲ. ನೀರು ಬೇಕಾದರೂ, ಆಕೆ ಚರಿಗೆ ಹಿಡಿದು ಪಕ್ಕದಲ್ಲೇ ನಿಂತಿದ್ದರೂ, ವಾರ್ಡಿನ ಆ ತುದಿಯಲ್ಲಿದ್ದ ನನ್ನನ್ನು ಕರೆಯುತ್ತಿದ್ದ. ನನಗೆ ಮೈಯೆಲ್ಲ ಉರಿಯುತ್ತಿತ್ತು. ಒಂದು ದಿನ ಡ್ರೆಸಿಂಗ್ ನಡುವೆಯೇ ಕೇಳಿಬಿಟ್ಟೆ.

"ಹಾಕು ಅಂತ ಹೇಳಿದಾಕಿ ನಾನು. ಬೈಯೂದಿದ್ರ ನನಗ ಬೈ. ಆಕಿ ಮ್ಯಾಲೇನ ನಿನ್ನ ಗಂಡಸ್ತನ?"

"ನಿಮಗ್ಯಾಕ ಬೈಲ್ರಿ ಅಕ್ಕಾರ. ನನ್ನ ತಲಿ ಮುಟ್ಟಿ ಆಣಿ ಮಾಡಿದ್ದು ನೀವಲ್ಲ," ಎಂದ. ಸಿಟ್ಟಿಲ್ಲದೆ ಹೇಳಿದ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಪರೀಕ್ಷೆಯ ದಿನ ಅವನು ಇನ್ನೂ ನಮ್ಮ ವಾರ್ಡಿನಲ್ಲೇ ಇದ್ದ. ನೌಕರಿ ಬೇರೆಯವರಿಗೆ ಹೋಯಿತು. ಮನೆಗೆ ಕಳಿಸುವಾಗ ಹುಲಿಗೆಮ್ಮ ಅವನನ್ನು ಎತ್ತಿ ಆಟೋದಲ್ಲಿ ಕೂರಿಸಿದಳು. ಅವನು ಅವಳ ಹೆಗಲು ಹಿಡಿದ, ಮುಖ ಬೇರೆ ಕಡೆ ಮಾಡಿದ. ಆಮೇಲೆ ಕೃತಕ ಕಾಲು ಹಾಕಿಸಿಕೊಂಡು ಹುಲಿಹೈದರದಲ್ಲಿ ಪಂಪ್‌ಸೆಟ್ಟಿನ ಮೋಟಾರಿಗೆ ತಂತಿ ಸುತ್ತುವ ಕೆಲಸ ಹಿಡಿದನೆಂದು ಕೇಳಿದೆ. ಕೂತು ಮಾಡುವ ಕೆಲಸ, ಹೊಟ್ಟೆಗೆ ನಡೆಯುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನಮ್ಮ ನೌಕರಿಯಲ್ಲಿ ರೋಗಿ ಬಾಗಿಲು ದಾಟಿದರೆ ಲೆಕ್ಕ ಮುಗಿಯಿತು. ಮುಂದಿನದು ಅವರ ಮನೆಯಲ್ಲಿ ನಡೆಯುತ್ತದೆ, ನಮಗೆ ಕಾಣುವುದಿಲ್ಲ. ಇವತ್ತು ಅದೇ ಮಧ್ಯಾಹ್ನ ತಿರುಗಿ ಬಂದರೂ ನಾನು ಆಕೆಗೆ ಅದೇ ಮಾತು ಹೇಳುತ್ತೇನೆ. ಇದರಲ್ಲಿ ನನಗೆ ಅನುಮಾನವಿಲ್ಲ, ಆದರೆ ದುಃಖವಿದೆ.

ನಾನು ನಿವೃತ್ತಳಾದ ಮೇಲೆ ಒಂದು ಭಾನುವಾರ ಸಾಣಾಪುರದಲ್ಲಿರುವ ತಂಗಿಯ ಮನೆಗೆ ಹೊರಟಿದ್ದೆ. ಕಾಲುವೆ ರಸ್ತೆಯಲ್ಲಿ ಆಟೋ ನಿಂತಿತು. "ರೇಸ್ ನಡದೈತ್ರಿ, ಒಂದ್ ನಿಮಿಷ," ಎಂದ ಆಟೋದವನು. ಈಗ ಎಲ್ಲ ಹೊಸ ಗಾಡಿ, ಹೆಲ್ಮೆಟ್ಟು, ಮೊಬೈಲು. ಹೊಟ್ಟಿಗೂ ಬೆಲೆ ಬಂದು ರಸ್ತೆಗೆ ಸುರಿಯುವವರಿಲ್ಲ. ಹಳೇ ಗಾಡಿಗಳಿಗೆ ಬೇರೆ ಪಂದ್ಯವಂತೆ. ಓಟ ಮುಗಿಯುವ ಕಡೆ, ಜನರಿಂದ ದೂರ, ಒಬ್ಬ ಹೆಂಗಸು ಸೀರೆ ಕಚ್ಚೆಯಂತೆ ಎತ್ತಿ ಸಿಕ್ಕಿಸಿಕೊಂಡು ನಿಂತಿದ್ದಳು. ಹತ್ತಿರ ಹೋದೆ. ಹುಲಿಗೆಮ್ಮ. ಕೂದಲು ಬೆಳ್ಳಗಾಗಿತ್ತು. ನನ್ನ ಕಾಲು ಮುಟ್ಟಿದಳು.

"ಇಲ್ಲೇನ ಮಾಡ್ತಿಯವ್ವ?"

"ನಮ್ಮವ್ರು ಓಡಸ್ತಾರ್ರಿ. ಮುಂದಿನ ಬ್ರೇಕ್ ಈಗೂ ಬಿಚ್ಚಿಟ್ಟ ಬರ್ತಾರ, ಹಿಂದಿನ ಬ್ರೇಕ್ ಒತ್ತೂ ಕಾಲು ಅದ ಅಲ್ರಿ ಹೋಗಿದ್ದು. ಗಾಡಿ ತಾನ ಸಾವಕಾಶ ಆಗೂತನಕ ಬಿಡ್ತಾರ. ಆಮ್ಯಾಲ ಯಾರರೆ ಹಿಡೀಬೇಕ್ರಿ, ಇಲ್ಲಂದ್ರ ಬೀಳ್ತಾರ."

"ಅವನ ಗೆಳ್ಯಾರು ಎಲ್ಲಿ ಹೋಗ್ಯಾರ?"

"ಅವ್ರು ಒಲ್ಲೆ ಅಂತಾರ್ರಿ. ನಾಳೆ ಏನರೆ ಆದ್ರ ತಮ್ಮ ಮ್ಯಾಲ ಬರ್ತದಂತ."

ನನ್ನ ಸಿಟ್ಟು ನೆತ್ತಿಗೇರಿತು. ಆ ಮನುಷ್ಯನಿಗಾಗಿ ಈಕೆ ಇನ್ನೂ ಮೈ ಅಡ್ಡ ಕೊಡುತ್ತಿದ್ದಾಳಲ್ಲ. "ಈಗರೆ ಮಾತಾಡ್ತಾನೇನು ನಿನ್ನ ಕೂಡ?" ಎಂದು ಕೇಳಿದೆ.

"ಇಲ್ರಿ. ಏನಿದ್ರೂ ಮಕ್ಕಳ ಕಡೆ ಹೇಳಿ ಕಳಸ್ತಾರ."

"ಮತ್ತ ಯಾಕ ಬರ್ತಿ? ನಿನಗೂ ಬುದ್ಧಿ ಇಲ್ಲೇನು?"

ಆಕೆ ರಸ್ತೆಯ ದೂರಕ್ಕೆ ನೋಡಿದಳು. ಎರಡು ಗಾಡಿ ಬರುತ್ತಿದ್ದವು. ಮುಂದಿನದರ ಮೇಲೆ ಟ್ಯಾಂಕಿಗೆ ಎದೆ ಹಚ್ಚಿ ಮಲಗಿದ ಯಮನೂರಪ್ಪ. ಹಾಗೆ ಮಲಗಿದಾಗ ಅವನಿಗೆ ಕಾಲಿಲ್ಲವೆಂದು ಯಾರೂ ಹೇಳುವಂತಿರಲಿಲ್ಲ. ಗೆದ್ದ. ನಮ್ಮನ್ನು ದಾಟಿ ಹೋಯಿತು ಗಾಡಿ. ಆಕೆ ಆಗಲೇ ಅದರ ಹಿಂದೆ ಓಡುತ್ತಿದ್ದಳು, ಈ ವಯಸ್ಸಿನಲ್ಲಿ, ಬರಿಗಾಲಲ್ಲಿ. ಇಂಜಿನ್ ಸದ್ದು ಇಳಿಯಿತು, ಗಾಡಿ ಓಲಾಡಿತು. ಅವನು ತಿರುಗಿ ನೋಡದೆ ಕೂಗಿದ, "ಹಿಡಿ."

ಆಕೆ ಹಿಂದಿನ ಸರಳಿಗೆ ಜೋತುಬಿದ್ದು, ಕಾಲು ನೆಲಕ್ಕೆ ಒತ್ತಿ, ಗಾಡಿಯನ್ನು ನಿಲ್ಲಿಸಿದಳು. ಊರಿ ನಡೆಯುವ ಬಡಿಗೆ ಕೊಟ್ಟು ಇಳಿಸಿದಳು. ಅವನು ನನ್ನನ್ನು ಕಂಡು ಕೈ ಮುಗಿದ, ಆಕೆಯ ಕಡೆ ನೋಡದೆ ಜನರತ್ತ ಹೊರಟ. ಹುಲಿಗೆಮ್ಮ ಏದುಸಿರು ಬಿಡುತ್ತಾ ನನ್ನ ಹತ್ತಿರ ಬಂದಳು. ಅಂಗೈ ಕೆಂಪಾಗಿತ್ತು. ಮುಖದಲ್ಲಿ ನಗೆ ಇತ್ತು.

"ನನಗ ಹಿಡಿ ಅಂದಿದ್ದು ಕೇಳಿಸ್ತಲ್ರಿ ಅಕ್ಕಾ," ಎಂದಳು. "ಅದಕ್ಕ ಬರ್ತೀನ್ರಿ."